ಯಜಮಾನರು ತಂದಿತ್ತ ಕಾಫಿ

ಮನೆಯಲ್ಲಿ ಒಳ್ಳೆಯ ಕಾಫಿ ದೊರೆಯುತ್ತಿರುವಾಗ ಹೊರಗೆ ಹೋಗಿ, ಹಣ ತೆತ್ತು, ಕಾಫಿ ಕುಡಿದು ಬರುವವನಿಗೆ ಏನೆನ್ನಬೇಕು? ನನ್ನ ತಾಯಿ ‘ಕೊಬ್ಬು’ ಎನ್ನುತ್ತಿದ್ದರು. ಅವರು ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿಸುತ್ತಿದ್ದ ಡಿಕಾಕ್ಷನ್ನಿಗೆ ಸಾಟಿಯಿಲ್ಲವೆಂಬುದನ್ನು ನಾನೂ ಬಲ್ಲೆ. ಆದರೂ 1972ರಿಂದ ಮೊದಲ್ಗೊಂಡು 37 ವರ್ಷ ನಾನು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸಿನ ಖಾಯಂ ಗಿರಾಕಿಯಾಗಿದ್ದೆ. ಈ ಭಕ್ತಿ ಹೇಗೆ ಹುಟ್ಟಿತು, ಅದರ ಹಿಂದೆ ನಾನರಿಯದ ಎಂಥ ಚರಿತ್ರೆಯಿತ್ತು ಎಂಬುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಮೊದಲ ಸಲ ಒಳಹೊಕ್ಕದ್ದು ಮಳೆಯಿಂದ ತಪ್ಪಿಸಿಕೊಳ್ಳಲು. ಎರಡನೆಯ ಸಲ ಹೋದದ್ದು ಹಿಂದಿನ ದಿನ ಮೇಜಿನ ಮೇಲೆ ಬೋರಲು ಹಾಕಿ ಮರೆತು ಬಂದಿದ್ದ ಪುಸ್ತಕವನ್ನು ಕೇಳಲು. ಬೇರರು ಅದನ್ನು ಜೋಪಾನವಾಗಿ ತೆಗೆದಿರಿಸಿದ್ದರು. ನಾನು ಓದಿ ನಿಲ್ಲಿಸಿದ್ದ ಪುಟದಲ್ಲಿ ಒಂದು ಬಿಲ್ಲಿನ ಚೀಟಿಯನ್ನೂ ಸೇರಿಸಿದ್ದರು. ಬಿಳಿಯ ಸಮವಸ್ತ್ರ, ಸೊಂಟಕ್ಕೆ ಅಗಲವಾದ ಪಟ್ಟಿ, ತಲೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ತುರಾಯಿಯ ಪೇಟ. ನನಗಿಂತ ಇಪ್ಪತ್ತು ವರ್ಷವಾದರೂ ಹಿರಿಯರು. ಮೂರನೆಯ ವಾರ, ನಾನು ಬಾಯಿ ತೆರೆಯುವ ಮೊದಲೇ ಕಾಫಿ ಮೇಜಿನ ಮೇಲಿತ್ತು. ನಾನು ಸಿಕ್ಕಿಬಿದ್ದದ್ದು ಆ ಕ್ಷಣದಲ್ಲಿ.

ಮುಂದೆ ಕಿಟಕಿಯ ಬಳಿಯ ಮೇಜೊಂದು ನನ್ನದೆಂಬ ಭ್ರಮೆ ಬೆಳೆಯಿತು. ಬೇರೆಯವರು ಅಲ್ಲಿ ಕುಳಿತಿದ್ದರೆ ಒಳಗೊಳಗೇ ಸಿಡುಕು. ಈ ಚಾಳಿ ನನ್ನೊಬ್ಬನದಲ್ಲವೆಂದು ಸಮಾಧಾನ ತಂದುಕೊಳ್ಳಲು ಇಂಗ್ಲಿಷ್ ಸಾಹಿತ್ಯ ಚರಿತ್ರೆ ಒದಗಿಬಂದಿತು. ಲಂಡನ್ನಿನಲ್ಲಿ ಮೊದಲ ಕಾಫಿ ಅಂಗಡಿಯನ್ನು ಪಾಸ್ಕ ರೋಸೆ ಎಂಬಾತ ತೆರೆದದ್ದು 1652ರಲ್ಲಿ. ಅಲ್ಲಿಂದ ಕೆಲವೇ ದಶಕಗಳಲ್ಲಿ ವಿಲ್ಸ್ ಕಾಫಿ ಹೌಸಿನಲ್ಲಿ ಕವಿ ಡ್ರೈಡನ್ನನ ಕುರ್ಚಿ ಪ್ರಸಿದ್ಧವಾಯಿತು. ಚಳಿಗಾಲದಲ್ಲಿ ಅದು ಅಗ್ಗಿಷ್ಟಿಕೆಯ ಪಕ್ಕದಲ್ಲಿ, ಬೇಸಗೆಯಲ್ಲಿ ಮೊಗಸಾಲೆಯಲ್ಲಿ. ಒಂದು ಪೆನ್ನಿ ಕೊಟ್ಟ ಯಾರಾದರೂ ಇಂಥ ಅಂಗಡಿಗಳಲ್ಲಿ ಕುಳಿತು ರಾಜ್ಯಭಾರವನ್ನು ವಿಮರ್ಶಿಸಬಹುದಾಗಿತ್ತು. ಇದನ್ನು ಸಹಿಸದ ಎರಡನೆಯ ಚಾರ್ಲ್ಸ್ ದೊರೆ 1675ರ ಡಿಸೆಂಬರ್ 29ರಂದು ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂದು ಅಪ್ಪಣೆ ಹೊರಡಿಸಿದ. ಗಿರಾಕಿಗಳ ಕೂಗಾಟಕ್ಕೆ ಮಣಿದು, ಅದು ಜಾರಿಗೆ ಬರುವ ಮೊದಲೇ, ಜನವರಿ 8ರಂದು ಹಿಂತೆಗೆದುಕೊಂಡ. ದೆಹಲಿಯ ಗಿರಾಕಿಗಳಿಗೆ ಆ ಭಾಗ್ಯವಿರಲಿಲ್ಲ. ತುರ್ತುಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ಕನಾಟ್ ಪ್ಲೇಸಿನ ಕಾಫಿ ಹೌಸು ನೆಲಸಮವಾಯಿತು.

ಲಂಡನ್ನಿನ ಕಥೆಯನ್ನು ಇಷ್ಟು ಬಲ್ಲ ನಾನು, ನನ್ನ ಮೇಜಿಗೆ ಕಾಫಿ ತರುತ್ತಿದ್ದವರ ಕಥೆಯನ್ನು ವಿಚಾರಿಸಿರಲಿಲ್ಲ. ಅವರನ್ನು ‘ಏನಪ್ಪಾ’ ಎಂದೇ ಕರೆಯುತ್ತಿದ್ದೆ. ಏಳು ವರ್ಷ ಕಳೆದ ಮೇಲೆ ಒಂದು ಸಂಜೆ, ದೊಡ್ಡ ಮನಸ್ಸು ಮಾಡಿದವನಂತೆ, “ನಿಮ್ಮ ಮಾಲೀಕರು ಬಂದಾಗ ಹೇಳಪ್ಪಾ, ನಿನ್ನ ವಿಷಯ ಒಳ್ಳೆಯ ಮಾತು ಹೇಳಬೇಕು” ಎಂದೆ. ಅವರು ತಟ್ಟೆಯನ್ನು ಕಂಕುಳಿಗೆ ಸೇರಿಸಿಕೊಂಡು, “ಮಾಲೀಕರು ತಮ್ಮ ಮುಂದೆಯೇ ನಿಂತಿದ್ದಾರೆ ಸಾರ್” ಎಂದರು. ಹಾಸ್ಯವೆಂದುಕೊಂಡೆ. ಅದು ಹಾಸ್ಯವಾಗಿರಲಿಲ್ಲ.

ನಮ್ಮ ನಾಡಿಗೆ ಕಾಫಿ ಹಳೆಯದು. ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಐತಿಹ್ಯವನ್ನು ಮಕ್ಕಳೂ ಬಲ್ಲರು. ಆದರೆ ತೋಟಗಳ ಬೆಳೆ ಬಹುಮಟ್ಟಿಗೆ ಹಡಗು ಹತ್ತಿ ಹೋಗುತ್ತಿತ್ತು. 1930ರ ದಶಕದ ಮುಗ್ಗಟ್ಟಿನಲ್ಲಿ ಬೆಲೆ ಕುಸಿದಾಗ, ಇಲ್ಲಿನವರಿಗೇ ಕಾಫಿಯ ರುಚಿ ಹತ್ತಿಸಬೇಕೆಂಬ ವಿವೇಕ ಮೂಡಿತು. 1935ರ ಕಾಫಿ ಸೆಸ್ ಕಾಯಿದೆಯಂತೆ ಒಂದು ಸಮಿತಿ ಹುಟ್ಟಿ, 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸನ್ನು ತೆರೆಯಿತು. ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. 1942ರ ಕಾಯಿದೆ ಕಾಫಿ ಮಂಡಳಿಗೆ ಅಧಿಕಾರ ಕೊಟ್ಟಿತು. ಆ ದಶಕದಲ್ಲಿ ಇಂಥ ಕಾಫಿ ಹೌಸುಗಳು 50ರಷ್ಟಿದ್ದವು. ಅಂದರೆ ನಮ್ಮಂಥ ಗಿರಾಕಿಗಳು ತಾವಾಗಿ ಹುಟ್ಟಿದವರಲ್ಲ. ಸರ್ಕಾರ ಹಣ ಸುರಿದು ಬೆಳೆಸಿದ ಬೆಳೆ!

1950ರ ದಶಕದ ನಡುವೆ ಮಂಡಳಿ ಇವುಗಳನ್ನು ಮುಚ್ಚತೊಡಗಿತು. ಬೇರರುಗಳು, ಅಡಿಗೆಯವರು ಬೀದಿಗೆ ಬಿದ್ದರು. ಆಗ ಲೋಕಸಭೆಯಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್, ಕಾಫಿ ಹೌಸುಗಳನ್ನು ನೀವೇ ವಹಿಸಿಕೊಳ್ಳಿರೆಂದು ಈ ನೌಕರರನ್ನು ಹುರಿದುಂಬಿಸಿದರು. ಅವರ ಮೊದಲ ಸಹಕಾರ ಸಂಘ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನಲ್ಲಿಯೇ, 1957ರ ಆಗಸ್ಟ್ 19ರಂದು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿ, ಮರುವರ್ಷ ಕೇರಳದ ತ್ರಿಚೂರು. ಮಂಡಳಿಯ ಕಾಫಿ ಹೌಸಿಗೆ ಹುಡುಗನಾಗಿ ಸೇರಿದ್ದ ನಮ್ಮ ಬೇರರು, ಕೆಲಸ ಹೋದ ಮೇಲೆ ಸಂಘದ ಷೇರಿಗೆ ಹಣ ಹೊಂದಿಸಲು ಹೆಂಡತಿಯ ಕಿವಿಯೋಲೆಯನ್ನು ಒತ್ತೆಯಿಟ್ಟಿದ್ದರಂತೆ. ಅದನ್ನು ಹೇಳುವಾಗ ದನಿಯಲ್ಲಿ ಹೆಮ್ಮೆಯೂ ಇರಲಿಲ್ಲ, ಕೊರಗೂ ಇರಲಿಲ್ಲ. “ಬಿಡಿಸಿಕೊಂಡೆ ಸಾರ್, ಎರಡು ವರ್ಷದಲ್ಲಿ” ಎಂದು ಮಾತ್ರ ಸೇರಿಸಿದರು.

ಮರುದಿನದಿಂದ ನಾನು ಅವರನ್ನು ‘ಯಜಮಾನರೇ’ ಎಂದು ಕರೆಯತೊಡಗಿದೆ. ಹಿರಿಯರನ್ನು ಕರೆಯುವ ಸಾಮಾನ್ಯ ಮಾತು; ಆದರೆ ಇಲ್ಲಿ ಅಕ್ಷರಶಃ ಸತ್ಯ. ನಿವೃತ್ತರಾಗುವಾಗ ಅವರು ನನ್ನ ಮೇಜನ್ನೂ, ಸಕ್ಕರೆ ಕಡಿಮೆಯೆಂಬ ನನ್ನ ಅಭ್ಯಾಸವನ್ನೂ ಮುಂದಿನವರಿಗೆ ಒಪ್ಪಿಸಿ ಹೋದರು.

ಕಲ್ಕತ್ತೆಯ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸು 1958ರಲ್ಲಿ ಮುಚ್ಚಿದಾಗ, ಅಲ್ಲಿನ ಅಧ್ಯಾಪಕರು ಸರ್ಕಾರಕ್ಕೆ ಮನವಿ ಸಲ್ಲಿಸಿ ಅದೇ ವರ್ಷ ಮತ್ತೆ ತೆರೆಸಿದರು. ನಾನೂ ಅಧ್ಯಾಪಕನೇ. ಅರ್ಧ ಶತಮಾನದಷ್ಟು ಕಾಲ ನಡೆದಿದ್ದ ನಮ್ಮ ಕಾಫಿ ಹೌಸು 2009ರ ಏಪ್ರಿಲಿನಲ್ಲಿ ಆ ಕಟ್ಟಡವನ್ನು ಬಿಡಬೇಕಾಗಿ ಬಂದಾಗ ನಾನು ಮಾಡಿದ್ದೇನು? ಕೊನೆಯ ದಿನ ಗುಂಪಿನಲ್ಲಿ ನಿಂತು, ನನ್ನ ಮೇಜು ಸಿಕ್ಕದೆ, ಗೋಡೆಯ ಮೇಲಿದ್ದ ಹಳೆಯ ಕಾಫಿ ಚಿತ್ರಪಟಗಳನ್ನು ನೋಡಿ ಮನೆಗೆ ಬಂದೆ. ಒಂದು ಸಾಲಿನ ಪತ್ರವನ್ನೂ ಯಾರಿಗೂ ಬರೆಯಲಿಲ್ಲ.

ಸಂಘ ಮಾತ್ರ ಕೈಕಟ್ಟಿ ಕೂರಲಿಲ್ಲ. ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ಹೌಸನ್ನು ಮತ್ತೆ ತೆರೆಯಿತು. ಕೆಲವು ವಾರ ಮೀನಮೇಷ ಎಣಿಸಿ ಒಂದು ಬೆಳಿಗ್ಗೆ ಹೋದೆ. ಅದೇ ಪೇಟ, ಅದೇ ಪಟ್ಟಿ. ಒಳಗಿದ್ದ ಹುಡುಗ ಮಾತ್ರ ಹೊಸಬ. “ಏನು ಕೊಡಲಿ ಸಾರ್?” ಎಂದ. ಆ ಪ್ರಶ್ನೆಯನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ. ಗಂಟಲು ಸರಿಪಡಿಸಿಕೊಂಡು, “ಒಂದು ಕಾಫಿ, ಯಜಮಾನರೇ” ಎಂದೆ. ನಾನು ಯಾರನ್ನು ಕರೆದೆನೆಂದು ಆ ಹುಡುಗ ತನ್ನ ಹಿಂದಕ್ಕೆ ತಿರುಗಿ ನೋಡಿದ.