ಅಟ್ಟದ ಮೇಲಿನ ಕೋವಿ

ಭೀಮಸಮುದ್ರದ ಅಡಿಕೆ ವ್ಯಾಪಾರಸ್ಥರ ಮನೆಯ ನನ್ನ ಹಳೆಯ ಶಿಷ್ಯನೊಬ್ಬ, ಅಟ್ಟದಲ್ಲಿ ದೊರೆತ ಅಜ್ಜನ ಕೋವಿಯನ್ನು ಟಿಪ್ಪುವಿನ ಕಾಲದ್ದೆಂದೇ ನಂಬಿದ್ದ. ನಾನು ಒಪ್ಪಲಿಲ್ಲ. ಟಿಪ್ಪುವಿನ ಬಂದೂಕುಗಳು ಚಕಮಕಿ ಕಲ್ಲಿನವು. ಹುಲಿಪಟ್ಟೆಯ ಗುರುತು, ಮೌಲೂದಿ ಶಕೆಯ ವರ್ಷ ಅವುಗಳ ಮೇಲಿರುತ್ತವೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದಾದರೋ ತೋಟಾ ಹಾಕುವ ಜೋಡುನಳಿಗೆಯ ರೈಫಲ್. ತೋಟಾದ ತಳದಲ್ಲಿ ಕೈನಾಕ್ ಎಂಬ ಹೆಸರು, .465 ಎಂಬ ಅಳತೆ.

ಆ ಅಳತೆಯೇ ಕಾಲವನ್ನು ಹೇಳಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡು .450 ಅಳತೆಯದು. ಬಂಡಾಯಗಾರರ ಕೈಯಲ್ಲಿದ್ದ ಅಂಥ ಬಂದೂಕುಗಳಿಗೆ ಗುಂಡು ಒದಗಬಾರದೆಂದು ಬ್ರಿಟಿಷ್ ಸರ್ಕಾರ ಆ ಅಳತೆಯನ್ನೇ ಇಂಡಿಯಾದಲ್ಲಿ ನಿಷೇಧಿಸಿತು. ಪಾಪ, ದೊಡ್ಡ ಬೇಟೆಯ ದೊರೆಗಳು ಪೇಚಿಗೆ ಸಿಕ್ಕಿದರು! ಅವರಿಗಾಗಿ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯು 1907ರಲ್ಲಿ .465 ಅನ್ನು ಹೊರತಂದಿತು. ಅದಕ್ಕಿಂತ ಹಿಂದಿನದು ಇದಾಗಲಾರದು.

"ಬೆಲೆ ಎಷ್ಟು ಬಂದೀತು ಮೇಷ್ಟ್ರೇ?" ಎಂದ. ಲೈಸೆನ್ಸು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇತ್ತು. 1959ರ ಆಯುಧ ಕಾಯ್ದೆಯಂತೆ ಮೊದಲು ಠಾಣೆಗೋ ಲೈಸೆನ್ಸುಳ್ಳ ವ್ಯಾಪಾರಿಗೋ ಒಪ್ಪಿಸು, ಬೆಲೆಯ ಮಾತು ಆಮೇಲೆ ಎಂದೆ. ಆಯುಧಪೂಜೆಗೆ ಒಂದು ತೋಟಾ ಹಾರಿಸುವ ಆಸೆಯೂ ಅವನಿಗಿತ್ತು. ಹಳೆಯ ಮದ್ದನ್ನು ನಂಬಬೇಡವೆಂದು ಗದರಿಸಿದೆ. ಸೋಮವಾರವೇ ಠಾಣೆಗೆ ಒಪ್ಪಿಸಿ, ರಸೀದಿಯನ್ನು ನನಗೆ ತಂದು ತೋರಿಸಿದ.