ಸುರಪುರದ ‘ಅಪ್ಪ’: ಮೆಡೋಸ್ ಟೇಲರನ ಜೀವನ ಮತ್ತು ಆತ್ಮಕಥೆಯ ಸಾಕ್ಷ್ಯ

ಸಿಂದಗಿ ತಾಲ್ಲೂಕಿನ ಯಂಕಂಚಿಯ ಕಡೆಯಿಂದ ಆಗ್ನೇಯಕ್ಕೆ ಸಾಗಿದರೆ ಬೇಡ ನಾಯಕರ ಸುರಪುರ ಸಂಸ್ಥಾನಕ್ಕೆ ಸೇರಿದ್ದ ನೆಲ ದೊರೆಯುತ್ತದೆ. ಈ ಸಂಸ್ಥಾನದ ಕೊನೆಯ ದಿನಗಳ ಇತಿಹಾಸವನ್ನು ಬರೆಯುವವರು ಅನಿವಾರ್ಯವಾಗಿ ಆಶ್ರಯಿಸುವ ಆಕರವೆಂದರೆ ಒಬ್ಬ ಪರದೇಶಿ ಸೈನಿಕನ ಆತ್ಮಕಥೆ. ಆ ಸೈನಿಕನೇ ಫಿಲಿಪ್ ಮೆಡೋಸ್ ಟೇಲರ್. ಅವನ ಸಾಕ್ಷ್ಯವನ್ನು ಎಲ್ಲಿಯವರೆಗೆ ನಂಬಬಹುದೆಂಬುದು ಪ್ರಸ್ತುತ ಲೇಖನದ ವಿಚಾರ.

ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದನು. ವ್ಯಾಪಾರಿಯಾಗಿದ್ದ ತಂದೆ ಐರ್ಲೆಂಡಿನ ಡಬ್ಲಿನ್ನಿಗೆ ನೆಲೆ ಬದಲಿಸಿದ್ದರಿಂದ ಅವನ ಬಾಲ್ಯದ ಒಂದು ಭಾಗ ಅಲ್ಲಿ ಕಳೆಯಿತು. 1824ರಲ್ಲಿ, ಇನ್ನೂ ಹದಿನಾರು ತುಂಬದ ಹುಡುಗ, ವ್ಯಾಪಾರದ ಕೆಲಸಕ್ಕೆಂದು ಮುಂಬಯಿಗೆ ಬಂದನು. ಆ ಆಸೆ ಕೈಗೂಡದೆ ಅದೇ ವರ್ಷ ಹೈದರಾಬಾದಿನ ನಿಜಾಮನ ಸೈನ್ಯವನ್ನು ಸೇರಿದನು. ಕಂಪನಿಯ ಸೇವೆಗೆ ಸೇರದೆ ನಿಜಾಮನ ಸೇವೆಯಲ್ಲಿ ಬೆಳೆದ ಈತ ದಖ್ಖನಿನ ಜನರೊಡನೆ ನಿಕಟವಾಗಿ ಬಾಳಿದನು.

1841ರಲ್ಲಿ ಅವನು ಸುರಪುರಕ್ಕೆ ನಿಯುಕ್ತನಾದನು. ಅರಸನ ಮರಣಾನಂತರ ರಾಣಿ ಈಶ್ವರಮ್ಮ ಮತ್ತು ಪಿಡ್ಡನಾಯಕರ ನಡುವೆ ಅಧಿಕಾರದ ತಿಕ್ಕಾಟ ನಡೆದಿತ್ತು. ಉತ್ತರಾಧಿಕಾರಿ ವೆಂಕಟಪ್ಪನಾಯಕ ಇನ್ನೂ ಬಾಲಕ. ಟೇಲರ್ 1853ರವರೆಗೆ ಇಲ್ಲಿದ್ದು ಆಡಳಿತವನ್ನು ನಡೆಸಿದನು. ಬಾಲಕ ಅರಸನ ಶಿಕ್ಷಣದ ಹೊಣೆಯೂ ಅವನದೇ ಆಯಿತು. ವೆಂಕಟಪ್ಪನಾಯಕನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು.

ಇದೇ ಅವಧಿಯಲ್ಲಿ ಟೇಲರ್ ಜೇವರ್ಗಿ, ರಾಜನಕೋಳೂರು, ವಿಭೂತಿಹಳ್ಳಿಗಳ ಬೃಹತ್ ಶಿಲಾ ಸಮಾಧಿಗಳನ್ನೂ ಶಿಲಾಪಂಕ್ತಿಗಳನ್ನೂ ಶೋಧಿಸಿದನು. ಜನರು ‘ಮೋರ್ಯರ ಮನೆ’ ಎಂದು ಕರೆಯುತ್ತಿದ್ದ ಈ ರಚನೆಗಳನ್ನು ಅಳೆದು, ಅಗೆದು, ಮಣ್ಣಿನ ಪದರಗಳನ್ನು ಚಿತ್ರಿಸಿದನು. ಅವನ ಪ್ರಬಂಧ ಮುಂದೆ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ಪ್ರಕಟವಾಯಿತು. ಇಪ್ಪತ್ತನೆಯ ಶತಮಾನದ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಆ ಪದರಚಿತ್ರಗಳನ್ನು ಪ್ರಶಂಸಿಸಿದ್ದಾನೆ. ಐರ್ಲೆಂಡಿನ ಶಿಲಾಸಮಾಧಿಗಳೊಡನೆ ಸಂಬಂಧ ಕಲ್ಪಿಸಿದ ಟೇಲರನ ವಾದ ಇಂದು ಮಾನ್ಯವಲ್ಲ. ಕಣ್ಣಾರೆ ಕಂಡು ದಾಖಲಿಸಿದ ವಿವರಗಳ ಬೆಲೆ ಮಾತ್ರ ಕುಂದಿಲ್ಲ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಶಸ್ತ್ರವೆತ್ತಿದನು. ಕ್ಯಾಪ್ಟನ್ ನ್ಯೂಬೆರಿ ಕದನದಲ್ಲಿ ಮಡಿದನು. ಹೈದರಾಬಾದಿಗೆ ತೆರಳಿದ ಅರಸ ಅಲ್ಲಿ ಸೆರೆಯಾದನು. ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡನು. ಪ್ರಾಣಭಿಕ್ಷೆ ಬೇಡಲು ಅರಸ ಒಪ್ಪಲಿಲ್ಲವೆಂದೂ, ಕಳ್ಳನಂತೆ ನೇಣಿಗೇರುವುದಕ್ಕಿಂತ ಫಿರಂಗಿಯ ಬಾಯಿಗೆ ಕಟ್ಟಿಸಿಕೊಂಡು ಸಾಯುವುದೇ ಮೇಲೆಂದನೆಂದೂ ಆತ್ಮಕಥೆ ತಿಳಿಸುತ್ತದೆ. ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಆದರೆ ಮದ್ರಾಸಿನ ಕಡೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸ ಬಲಿಯಾದನು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಇಲ್ಲಿಯೇ ಸಂಶೋಧಕನು ಎಚ್ಚರ ವಹಿಸಬೇಕು. ಅರಸ ಸತ್ತ ಸ್ಥಳದಲ್ಲಿ ಟೇಲರ್ ಇರಲಿಲ್ಲ; ಅವನು ಬರೆದದ್ದು ಕೇಳಿದ ಸುದ್ದಿ. ಇದಕ್ಕಿಂತ ಮುಖ್ಯವಾದ ತೊಡಕು ‘ಅಪ್ಪ’ ಎಂಬ ಸಂಬೋಧನೆಯಲ್ಲಿದೆ. ಟೇಲರನ ವಾತ್ಸಲ್ಯ ಸುಳ್ಳಲ್ಲ. ಆದರೆ ಅರಸನನ್ನು ದುಷ್ಟರ ಮಾತಿಗೆ ದಾರಿತಪ್ಪಿದ ಮಗನೆಂದು ಚಿತ್ರಿಸಿದೊಡನೆ ಬಂಡಾಯವು ಮನೆಯ ದುರಂತವಾಗಿ ಕುಗ್ಗುತ್ತದೆ; ಆಳುವ ಹಕ್ಕಿಗಾಗಿ ಹೋರಾಡಿದ ದೊರೆ ಮರೆಯಾಗುತ್ತಾನೆ. ಪೊರೆದ ಕೈಯೂ ಪರಾಧಿಕಾರದ ಕೈಯೂ ಇಲ್ಲಿ ಒಂದೇ ಆಗಿದ್ದವು.

ಟೇಲರ್ 1860ರಲ್ಲಿ ಭಾರತವನ್ನು ಬಿಟ್ಟು ಡಬ್ಲಿನ್ ಬಳಿ ನೆಲೆಸಿದನು. 1876ರಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ನಿಧನನಾದನು. ಮಗಳು ಆಲಿಸ್ ಸಂಪಾದಿಸಿದ ಅವನ ಆತ್ಮಕಥೆ ಮರುವರ್ಷ ಹೊರಬಂದಿತು. ಅರಸ ಬರೆದಿಟ್ಟ ಆತ್ಮಕಥೆ ನಮಗಿಲ್ಲ. ಆದುದರಿಂದ ಟೇಲರನನ್ನು ಬಿಡುವಂತಿಲ್ಲ. ಅವನೊಬ್ಬನನ್ನೇ ನಂಬುವಂತೆಯೂ ಇಲ್ಲ. ಸಮಾಧಿಗಳನ್ನು ಅಗೆಯುವಾಗ ಅವನು ಮಣ್ಣಿನ ಪದರಗಳನ್ನು ಬೇರ್ಪಡಿಸಿ ಗುರುತಿಸಿದನು. ಅವನ ಬರಹದಲ್ಲಿಯೂ ಕಂಡದ್ದು, ಕೇಳಿದ್ದು, ಬಯಸಿದ್ದು ಎಂಬ ಪದರಗಳನ್ನು ಹಾಗೆಯೇ ಬೇರ್ಪಡಿಸಿ ಓದಬೇಕಾಗಿದೆ.