ಹಳೆ ಡೀಸೆಲ್ ಎಂಜಿನ್ ಮತ್ತೆ ಓಡಬೇಕೆ? ಮೊದಲು ಆಕ್ಸಲ್ ಪಾಸಾಗಬೇಕು: ತಪಾಸಣೆ, ಬದಲಾವಣೆ ಹೇಗೆ ನಡೆಯುತ್ತದೆ?

ದೆಹಲಿಯ ಚಾಣಕ್ಯಪುರಿಯಲ್ಲಿರುವ ರಾಷ್ಟ್ರೀಯ ರೈಲು ಮ್ಯೂಸಿಯಂಗೆ ಹೋದವರು 18040 ಸಂಖ್ಯೆಯ ಡೀಸೆಲ್ ಎಂಜಿನ್ ನೋಡಿರಬಹುದು. ಅಮೆರಿಕದ ಆಲ್ಕೊ ಕಂಪನಿಯಿಂದ 1962ರಲ್ಲಿ ಬಂದ ಡಬ್ಲ್ಯುಡಿಎಂ-2 ಸರಣಿಯ ಮೊದಲ ಎಂಜಿನ್ ಅದು. ಮಕ್ಕಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಅಪ್ಪಂದಿರು ಹಳೆಯ ಪ್ರಯಾಣದ ಕಥೆ ಹೇಳುತ್ತಾರೆ. ಅದು ನಿಂತಲ್ಲೇ ನಿಂತಿರುವಷ್ಟು ದಿನ ಅದರ ಆಕ್ಸಲ್ ಹೇಗಿದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಣ್ಣ ಹೊಡೆದು, ತುಕ್ಕು ಹಿಡಿಯದಂತೆ ನೋಡಿಕೊಂಡರೆ ಸಾಕು.

ಆದರೆ ಬ್ರಿಟನ್‌ನಲ್ಲಿ ಕಥೆ ಬೇರೆ. ಅಲ್ಲಿ 1960ರ ದಶಕದ ಡೀಸೆಲ್ ಎಂಜಿನ್‌ಗಳನ್ನು ಅಭಿಮಾನಿಗಳ ಸಂಘಗಳು ಖರೀದಿಸಿ, ರಿಪೇರಿ ಮಾಡಿ, ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸುತ್ತವೆ. ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 'ಡೆಲ್ಟಿಕ್'. ಎರಡು ನೇಪಿಯರ್ ಎಂಜಿನ್, ಒಟ್ಟು 3,300 ಅಶ್ವಶಕ್ತಿ, ಗಂಟೆಗೆ 100 ಮೈಲಿ ವೇಗ. ಲಂಡನ್-ಎಡಿನ್‌ಬರೊ ಮಾರ್ಗಕ್ಕಾಗಿ 1961-62ರಲ್ಲಿ ತಯಾರಾಗಿದ್ದು 22. ರೇಸ್ ಕುದುರೆಗಳ ಮತ್ತು ಸೇನಾ ರೆಜಿಮೆಂಟ್‌ಗಳ ಹೆಸರು ಹೊತ್ತಿದ್ದ ಇವು 1982ರ ಆರಂಭದ ಹೊತ್ತಿಗೆ ಸೇವೆಯಿಂದ ಹೊರಬಿದ್ದವು. 22ರಲ್ಲಿ 6 ಉಳಿದಿವೆ. ಇಂಥ ಎಂಜಿನ್ ಮತ್ತೆ ಓಡಬಹುದೇ ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಹೊಗೆ ಉಗುಳುವ ಎಂಜಿನ್ ಕಡೆಗೆ. ಆದರೆ ಎಂಜಿನ್ ಕೆಟ್ಟರೆ ರೈಲು ನಿಲ್ಲುತ್ತದೆ, ಅಷ್ಟೇ. ಆಕ್ಸಲ್ ಮುರಿದರೆ ರೈಲು ಹಳಿ ತಪ್ಪುತ್ತದೆ.

ಎತ್ತಿನ ಗಾಡಿಯ ಅಚ್ಚಿಗೂ ಇದಕ್ಕೂ ಏನು ವ್ಯತ್ಯಾಸ?

ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ. ಅದು ಸ್ಥಿರವಾಗಿರುತ್ತದೆ, ಅದರ ಮೇಲೆ ಚಕ್ರ ತಿರುಗುತ್ತದೆ, ಚಕ್ರ ಕಳಚಿ ಬೀಳದಂತೆ ಕಡಾಣಿ ಹಿಡಿದಿರುತ್ತದೆ. ರೈಲಿನಲ್ಲಿ ಕಡಾಣಿಯೂ ಇಲ್ಲ, ಬೋಲ್ಟೂ ಇಲ್ಲ. ಎರಡು ಚಕ್ರಗಳನ್ನು ಉಕ್ಕಿನ ಆಕ್ಸಲ್ ಮೇಲೆ ಭಾರಿ ಒತ್ತಡದಲ್ಲಿ ಬಿಗಿಯಾಗಿ ಕೂರಿಸಿರುತ್ತಾರೆ. ಚಕ್ರದ ಜತೆ ಆಕ್ಸಲ್ಲೂ ತಿರುಗುತ್ತದೆ.

ಸಮಸ್ಯೆ ಶುರುವಾಗುವುದೇ ಇಲ್ಲಿ. ಎಂಜಿನ್‌ನ ಭಾರ ಆಕ್ಸಲ್‌ನ ತುದಿಗಳ ಮೇಲೆ ಕೂತಿರುತ್ತದೆ, ಆದ್ದರಿಂದ ಆಕ್ಸಲ್ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಮೇಲ್ಭಾಗ ಎಳೆತದಲ್ಲಿ, ಕೆಳಭಾಗ ಒತ್ತಡದಲ್ಲಿ. ಅರ್ಧ ಸುತ್ತು ತಿರುಗಿದರೆ ಮೇಲಿದ್ದದ್ದು ಕೆಳಕ್ಕೆ ಬಂತು, ಎಳೆತ ಒತ್ತಡವಾಯಿತು. ತಂತಿಯೊಂದನ್ನು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ಟನೆ ಮುರಿಯುತ್ತದಲ್ಲ, ಅದೇ ತತ್ವ. ಇಲ್ಲಿ ಬಾಗುವ ಪ್ರಮಾಣ ತೀರಾ ಕಡಿಮೆ, ಸಂಖ್ಯೆ ಮಾತ್ರ ತೀರಾ ಹೆಚ್ಚು.

ಎಷ್ಟು ಹೆಚ್ಚು? ಡಬ್ಲ್ಯುಡಿಎಂ-2 ಲೆಕ್ಕ ಹಾಕಿ ನೋಡೋಣ. ತೂಕ 112.8 ಟನ್, ಆಕ್ಸಲ್ 6. ಒಂದೊಂದು ಆಕ್ಸಲ್ ಮೂಲಕ ಹಳಿಗೆ ಇಳಿಯುವ ಭಾರ 18.8 ಟನ್, ಅಂದರೆ ಹೆಚ್ಚೂ ಕಡಿಮೆ ನಾಲ್ಕು ದಸರಾ ಆನೆಗಳಷ್ಟು. ಹೊಸ ಚಕ್ರದ ವ್ಯಾಸ 1,092 ಮಿ.ಮೀ. ಹಾಗಾಗಿ ಒಂದು ಕಿ.ಮೀ. ಓಡಲು ಸುಮಾರು 290 ಸುತ್ತು. ಒಂದು ಲಕ್ಷ ಕಿ.ಮೀ. ಓಡಿದರೆ 2.9 ಕೋಟಿ ಸುತ್ತು. ಮೂರು-ನಾಲ್ಕು ದಶಕ ದುಡಿದ ಎಂಜಿನ್‌ನ ಆಕ್ಸಲ್ ಬದಲಾಗದೆ ಉಳಿದಿದ್ದರೆ ಅದು ಎಷ್ಟು ಬಾರಿ ಬಾಗಿ ಸೆಟೆದಿರಬಹುದು ಎಂಬುದನ್ನು ನೀವೇ ಊಹಿಸಿ.

ಲೋಹ 'ದಣಿಯುತ್ತದೆ' ಎಂದು ಗೊತ್ತಾಗಿದ್ದು ಹೇಗೆ?

1842ರ ಮೇ 8. ಫ್ರಾನ್ಸ್‌ನ ವರ್ಸೇಲ್ಸ್‌ನಲ್ಲಿ ದೊರೆಯ ಗೌರವಾರ್ಥ ಉತ್ಸವ ಮುಗಿಸಿ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ ಆಕ್ಸಲ್ ಮುರಿಯಿತು. ಎಂಜಿನ್ ಉರುಳಿತು, ಹಿಂದಿನ ಬೋಗಿಗಳು ಅದರ ಮೇಲೆ ಏರಿದವು, ಬೆಂಕಿ ಹತ್ತಿಕೊಂಡಿತು. ಆಗ ಬೋಗಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಇತ್ತು. 50ಕ್ಕೂ ಹೆಚ್ಚು ಮಂದಿ ಸತ್ತರು. ಅಂಟಾರ್ಕ್ಟಿಕಾ ಯಾತ್ರೆ ಮಾಡಿ ಜೀವಂತ ಮರಳಿದ್ದ ನಾವಿಕ ದುಮಾಂ ದ್ಯುರ್ವಿಲ್, ಹೆಂಡತಿ ಮತ್ತು ಮಗನೊಂದಿಗೆ ಅದೇ ರೈಲಿನಲ್ಲಿ ಸುಟ್ಟುಹೋದರು.

ಈ ದುರಂತದ ನಂತರ ಎಂಜಿನಿಯರ್‌ಗಳು ಮುರಿದ ಆಕ್ಸಲ್‌ಗಳನ್ನು ಗಂಭೀರವಾಗಿ ಅಧ್ಯಯನ ಮಾಡತೊಡಗಿದರು. ಆಕ್ಸಲ್‌ನ ದಪ್ಪ ಥಟ್ಟನೆ ಬದಲಾಗುವ ಚೂಪಾದ ಮೂಲೆಗಳಲ್ಲಿ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ ಎಂದು ಸ್ಕಾಟ್ಲೆಂಡ್‌ನ ವಿಲಿಯಂ ರ್‍ಯಾಂಕಿನ್ 1843ರಲ್ಲೇ ತೋರಿಸಿದರು. ನಂತರ ಪ್ರಷ್ಯಾದ ಆಗಸ್ಟ್ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಎಷ್ಟು ಭಾರಕ್ಕೆ ಎಷ್ಟು ಸುತ್ತಿನಲ್ಲಿ ಮುರಿಯುತ್ತದೆ ಎಂಬ ಲೆಕ್ಕ ಕೊಟ್ಟರು. ಇಂದು ವಿಮಾನದ ರೆಕ್ಕೆಯಿಂದ ಸೇತುವೆವರೆಗೆ ಬಳಕೆಯಾಗುವ 'ಲೋಹದ ದಣಿವು' ಎಂಬ ವಿಜ್ಞಾನ ಬೆಳೆದದ್ದು ರೈಲು ಆಕ್ಸಲ್‌ನ ಮೇಲೆ.

ಇದು ಹಳೇ ಕಾಲದ ಕಥೆ ಎಂದುಕೊಳ್ಳಬೇಡಿ. 2008ರ ಜುಲೈನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅತಿವೇಗದ ಐಸಿಇ-3 ರೈಲಿನ ಆಕ್ಸಲ್ ಮುರಿಯಿತು. ನಿಲ್ದಾಣದಿಂದ ಹೊರಟು ನಿಧಾನವಾಗಿ ಚಲಿಸುತ್ತಿದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಅಲ್ಲಿಯವರೆಗೆ 3 ಲಕ್ಷ ಕಿ.ಮೀ.ಗೊಮ್ಮೆ ನಡೆಯುತ್ತಿದ್ದ ಅಲ್ಟ್ರಾಸಾನಿಕ್ ತಪಾಸಣೆ ಕೊನೆಗೆ 30 ಸಾವಿರ ಕಿ.ಮೀ.ಗೊಮ್ಮೆ ಎಂದಾಯಿತು. ಮರುವರ್ಷ ಜೂನ್‌ನಲ್ಲಿ ಇಟಲಿಯ ವಿಯಾರೆಜ್ಜೊದಲ್ಲಿ ಅನಿಲ ಟ್ಯಾಂಕರ್ ವ್ಯಾಗನ್‌ನ ಆಕ್ಸಲ್ ಮುರಿದು ಸ್ಫೋಟ ಸಂಭವಿಸಿ 30ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ತುಕ್ಕಿನ ಗುಳಿಗಳಿಂದ ಬಿರುಕು ಬೆಳೆದಿತ್ತು.

ಓಡದೇ ನಿಂತ ಎಂಜಿನ್‌ಗೂ ಅಪಾಯವೇ?

ಹೌದು. ಬ್ರಿಟನ್‌ನ ಪರಂಪರೆ ರೈಲು ಮಾರ್ಗಗಳಲ್ಲಿ ವೇಗ ಸಾಮಾನ್ಯವಾಗಿ ಗಂಟೆಗೆ 25 ಮೈಲಿ, ಅಂದರೆ 40 ಕಿ.ಮೀ. ದಾಟುವುದಿಲ್ಲ. ಓಡುವುದೂ ಕೆಲವು ದಿನ ಮಾತ್ರ. ಇಷ್ಟು ಸುಖದ ಬದುಕಿನಲ್ಲಿ ಆಕ್ಸಲ್‌ಗೆ ಏನಾದೀತು ಎಂದು ಅನ್ನಿಸುವುದು ಸಹಜ. ಆದರೆ ಹಿಂದೆ ಪೂರ್ಣ ವೇಗದಲ್ಲಿ ದುಡಿದ ವರ್ಷಗಳ ಲೆಕ್ಕ ಲೋಹದೊಳಗೆ ಹಾಗೇ ಇರುತ್ತದೆ, ನಿವೃತ್ತಿ ಅದನ್ನು ಅಳಿಸುವುದಿಲ್ಲ. ಜತೆಗೆ ಮಳೆ, ಮಂಜಿನಲ್ಲಿ ತಿಂಗಳುಗಟ್ಟಲೆ ನಿಂತಾಗ ಬಣ್ಣ ಎದ್ದ ಕಡೆ ತೇವ ಸೇರಿ ಚಿಕ್ಕ ಚಿಕ್ಕ ಗುಳಿ ಬೀಳುತ್ತವೆ. ಬೇರಿಂಗ್‌ನ ಗ್ರೀಸ್ ಒಣಗಿ ಗಟ್ಟಿಯಾಗುತ್ತದೆ. ಒಂದೇ ಭಂಗಿಯಲ್ಲಿ ನಿಂತ ರೋಲರ್‌ಗಳು ತಾವು ಕೂತ ಜಾಗದಲ್ಲೇ ಗುರುತು ಮಾಡುತ್ತವೆ.

ಸ್ವಯಂಸೇವಕರ ಕೈಯಿಂದಲೂ ತಪ್ಪಾಗಬಹುದು. ಆಕ್ಸಲ್‌ಗೆ ನೇರವಾಗಿ ಸರಪಳಿ ಸುತ್ತಿ ಎತ್ತಿದರೆ ಬೀಳುವ ಗೀರು, ಬಾಡಿ ಮೇಲೆ ವೆಲ್ಡಿಂಗ್ ಮಾಡುವಾಗ ಅರ್ಥ್ ಕೇಬಲ್ಲನ್ನು ಹಳಿಗೆ ಕಟ್ಟಿದ್ದರಿಂದ ಬೇರಿಂಗ್ ಮೂಲಕ ಹರಿದ ಕರೆಂಟ್, ಎರಡೂ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಬಿರುಕಿಗೆ ಬೇಕಿರುವುದು ಅಷ್ಟೇ ಒಂದು ಆರಂಭ.

ಡೀಸೆಲ್ ಎಂಜಿನ್‌ಗೆ ಇನ್ನೊಂದು ತೊಡಕಿದೆ. ಡೀಸೆಲ್-ಎಲೆಕ್ಟ್ರಿಕ್ ಎಂಜಿನ್‌ನಲ್ಲಿ ಚಕ್ರ ತಿರುಗಿಸುವುದು ವಿದ್ಯುತ್ ಮೋಟರ್. ಹಳೆಯ ವಿನ್ಯಾಸಗಳಲ್ಲಿ ಈ ಭಾರಿ ಮೋಟರ್ ಒಂದು ಬದಿಯಲ್ಲಿ ಆಕ್ಸಲ್‌ನ ಮೇಲೇ ಕೂತಿರುತ್ತದೆ, ಇನ್ನೊಂದು ಬದಿ ಬೋಗಿ ಚೌಕಟ್ಟಿಗೆ ತೂಗಿರುತ್ತದೆ. ದೊಡ್ಡ ಹಲ್ಲಿನ ಗಾಲಿಯೊಂದು ಆಕ್ಸಲ್‌ಗೇ ಬಿಗಿದಿರುತ್ತದೆ. ಅಂದರೆ ಬರೀ ಭಾರವಲ್ಲ, ತಿರುಚುವ ಬಲವೂ, ಹಳಿ ಜೋಡಣೆಯ ಪ್ರತಿ ಹೊಡೆತವೂ ಆಕ್ಸಲ್ ಪಾಲಿಗೆ. ಚಕ್ರ ಕೂರುವ ಜಾಗದ ಅಂಚು, ಗಿಯರ್ ಕೂರುವ ಜಾಗದ ಅಂಚು, ಮೋಟರ್ ಬೇರಿಂಗ್ ಉಜ್ಜುವ ಭಾಗ, ತುದಿಯ ಬೇರಿಂಗ್ ಬಳಿಯ ತಿರುವು: ಬಿರುಕು ಹುಡುಕುವವರು ಮೊದಲು ನೋಡುವುದು ಇವನ್ನು. ದುರದೃಷ್ಟಕ್ಕೆ ಇವುಗಳಲ್ಲಿ ಹೆಚ್ಚಿನವು ಹೊರಗಿನಿಂದ ಕಾಣುವುದಿಲ್ಲ.

ಕಾಣದ ಬಿರುಕು ಹುಡುಕುವುದು ಹೇಗೆ?

ಕೆಲಸ ಶುರುವಾಗುವುದು ಕಾಗದದಿಂದ. ಆಕ್ಸಲ್‌ನ ತುದಿಯಲ್ಲಿ ಅದರ ಗುರುತಿನ ಸಂಖ್ಯೆ ಒತ್ತಿರುತ್ತಾರೆ. ಆ ಸಂಖ್ಯೆ ಹಿಡಿದು ಅದು ಯಾವಾಗ ತಯಾರಾಯಿತು, ಯಾವ ಎಂಜಿನ್‌ನಲ್ಲಿ ಓಡಿತು, ಕೊನೆಯ ಪರೀಕ್ಷೆ ಯಾವಾಗ ಎಂದು ಹುಡುಕಬೇಕು. ಸೇವೆಯಲ್ಲಿದ್ದಾಗ ಚಕ್ರದ ಜೋಡಿಗಳು ಎಂಜಿನ್‌ನಿಂದ ಎಂಜಿನ್‌ಗೆ ಬದಲಾಗುತ್ತಿದ್ದವು. ಹಾಗಾಗಿ ಎಂಜಿನ್‌ನ ವಯಸ್ಸೇ ಆಕ್ಸಲ್‌ನ ವಯಸ್ಸು ಎಂದುಕೊಳ್ಳುವಂತಿಲ್ಲ.

ನಂತರ ಅಲ್ಟ್ರಾಸಾನಿಕ್. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ತುದಿಯ ಮುಚ್ಚಳ ತೆಗೆದು, ಒರೆಸಿ, ಎಣ್ಣೆ ಅಥವಾ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಶಬ್ದದ ಅಲೆ ಉಕ್ಕಿನೊಳಗೆ ಓಡಿ ಇನ್ನೊಂದು ತುದಿ ಮುಟ್ಟಿ ಹಿಂದಿರುಗುತ್ತದೆ. ನಡುವೆ ಬಿರುಕಿದ್ದರೆ ಪ್ರತಿಧ್ವನಿ ಬೇಗ ಬರುತ್ತದೆ. ಎಷ್ಟು ಬೇಗ ಎಂಬುದರಿಂದ ಜಾಗ ಗೊತ್ತಾಗುತ್ತದೆ. ಇದರ ದೊಡ್ಡ ಲಾಭವೆಂದರೆ ಚಕ್ರ ಕಳಚಬೇಕಿಲ್ಲ, ಎಂಜಿನ್ ಹಳಿಯ ಮೇಲೆ ನಿಂತಿರುವಾಗಲೇ ಪರೀಕ್ಷೆ ಮುಗಿಯುತ್ತದೆ.

ಹೇಳಿದಷ್ಟು ಸುಲಭವಲ್ಲ. ಬಿಗಿಯಾಗಿ ಕೂತ ಚಕ್ರವೂ, ಗಿಯರೂ, ಆಕ್ಸಲ್‌ನ ದಪ್ಪ ಬದಲಾಗುವ ಪ್ರತಿ ಮೆಟ್ಟಿಲೂ ತನ್ನದೇ ಪ್ರತಿಧ್ವನಿ ಕೊಡುತ್ತದೆ. ಯಾವುದು ಮೆಟ್ಟಿಲು, ಯಾವುದು ಬಿರುಕು ಎಂದು ಬಿಡಿಸಲು ಆ ಆಕ್ಸಲ್‌ನ ಮೂಲ ನಕ್ಷೆ ಬೇಕು. ಬೇಕೆಂದೇ ಸಣ್ಣ ಗೀರು ಕೊರೆದ ಮಾದರಿ ಆಕ್ಸಲ್ ಇದ್ದರೆ ಯಂತ್ರವನ್ನು ಅದರ ಮೇಲೆ ಸರಿಹೊಂದಿಸಬಹುದು. ಸಾವಿರಾರು ಎಂಜಿನ್ ಓಡಿಸುವ ರೈಲ್ವೆಗೆ ಇದು ಮಾಮೂಲಿ. ಆರೇ ಉಳಿದಿರುವ ಜಾತಿಯ ಎಂಜಿನ್ ಇಟ್ಟುಕೊಂಡವರಿಗೆ ನಕ್ಷೆ ಹುಡುಕುವುದೇ ಒಂದು ಕೆಲಸ. ಪರದೆ ಓದುವವರ ಅನುಭವವೂ ಅಷ್ಟೇ ಮುಖ್ಯ, ಯಂತ್ರ ತಾನಾಗಿ 'ಪಾಸ್' ಎಂದು ಹೇಳುವುದಿಲ್ಲ.

ಬೋಗಿ ಬಿಚ್ಚಿ ಪೂರ್ಣ ಓವರ್‌ಹಾಲ್ ಮಾಡುವಾಗ ಎರಡನೇ ಪರೀಕ್ಷೆ: ಬಣ್ಣ ಪೂರ್ತಿ ತೆಗೆದು, ಆಕ್ಸಲ್‌ಗೆ ಕಾಂತ ಶಕ್ತಿ ಕೊಟ್ಟು, ಕಬ್ಬಿಣದ ನುಣುಪು ಪುಡಿ ಬೆರೆಸಿದ ದ್ರವ ಸುರಿಯುತ್ತಾರೆ. ಮೇಲ್ಮೈಯಲ್ಲಿ ಬಿರುಕಿದ್ದರೆ ಪುಡಿ ಅಲ್ಲಿ ಗೆರೆಯಾಗಿ ಅಂಟಿಕೊಳ್ಳುತ್ತದೆ. ಕೂದಲೆಳೆಯಂಥ ಬಿರುಕೂ ಎದ್ದು ಕಾಣುತ್ತದೆ. ಆದರೆ ಚಕ್ರದ ಕೆಳಗೆ ಅಡಗಿದ ಭಾಗಕ್ಕೆ ಇದು ತಲುಪದು.

ಬದಲಾಯಿಸುವುದಾದರೆ...

ಸಣ್ಣ ಗೀರು, ತೆಳು ತುಕ್ಕು ಆದರೆ ನಿಗದಿತ ಅಳತೆಯ ಮಿತಿಯೊಳಗೆ ಉಜ್ಜಿ ನುಣುಪು ಮಾಡಿ ಉಳಿಸಿಕೊಳ್ಳಬಹುದು. ಬಿರುಕು ಸಿಕ್ಕರೆ ಆ ಆಕ್ಸಲ್‌ನ ಆಯಸ್ಸು ಮುಗಿಯಿತು. ವೆಲ್ಡಿಂಗ್ ಮಾಡಿ ಮುಚ್ಚುವ ಮಾತೇ ಇಲ್ಲ. ವೆಲ್ಡಿಂಗ್ ಶಾಖ ಹೊಸ ಬಿರುಕಿಗೆ ತಾನೇ ದಾರಿ ಮಾಡುತ್ತದೆ.

ಎಂಜಿನ್ ಎತ್ತಿ ಬೋಗಿ ಹೊರಗೆಳೆಯುತ್ತಾರೆ, ಅಥವಾ ಹಳಿಯ ಕೆಳಗಿನ ಗುಂಡಿಯೊಳಗೆ ಒಂದೇ ಜೋಡಿ ಚಕ್ರ ಇಳಿಸಿಕೊಳ್ಳುತ್ತಾರೆ. ಮೋಟರ್, ಗಿಯರ್ ಪೆಟ್ಟಿಗೆ, ಬೇರಿಂಗ್ ಕಳಚಿದ ಮೇಲೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಚಕ್ರ ಬಿಡಿಸಬೇಕು. ಹತ್ತಾರು ಟನ್ ಬಲ ಬೇಕು. ಬರುವಾಗ ಚಕ್ರ ಆಕ್ಸಲ್ ಮೇಲೆ ಗೀರು ಎಳೆಯಬಾರದು, ಅದಕ್ಕೆ ನಡುವೆ ಒತ್ತಡದಲ್ಲಿ ಎಣ್ಣೆ ನುಗ್ಗಿಸುವ ವಿಧಾನವೂ ಇದೆ.

ಹೊಸ ಆಕ್ಸಲ್ ಎಲ್ಲಿಂದ? ಗುಜರಿಗೆ ಹೋದ ಸೋದರ ಎಂಜಿನ್‌ಗಳಿಂದ ಜೋಡಿ ತಂದು ಹಾಕುವುದು ಅಗ್ಗದ ದಾರಿ, ಆದರೆ ಅದರ ಹಿಂದಿನ ಲೆಕ್ಕವೂ ಜತೆಗೇ ಬರುತ್ತದೆ. ಹೊಸದಾಗಿ ಮಾಡಿಸಿದರೆ ಖರ್ಚು ಹೆಚ್ಚು, ನಿಶ್ಚಿಂತೆಯೂ ಹೆಚ್ಚು. ಕಾದ ಉಕ್ಕನ್ನು ಬಡಿದು ಆಕಾರ ಕೊಟ್ಟು, ಶಾಖ ಸಂಸ್ಕರಣೆ ಮಾಡಿ, ಲೇತ್‌ನಲ್ಲಿ ಕಡೆದು, ಹೊಸತೇ ಆದರೂ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡುತ್ತಾರೆ.

ಈ ಕೆಲಸ ಬೆಂಗಳೂರಿನವರಿಗೆ ದೂರದ್ದೇನಲ್ಲ. ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆಯ ಮೊದಲ ಹೆಸರೇ ವೀಲ್ ಆ್ಯಂಡ್ ಆಕ್ಸಲ್ ಪ್ಲಾಂಟ್. ಅಲ್ಲಿ ಗಾಲಿಗಳನ್ನು ಎರಕ ಹೊಯ್ದರೆ ಆಕ್ಸಲ್‌ಗಳನ್ನು ಬಡಿದು ತಯಾರಿಸುತ್ತಾರೆ. ಹಾಗಂತ ಯಲಹಂಕದ ಆಕ್ಸಲ್ ಡೆಲ್ಟಿಕ್‌ಗೆ ಹೊಂದುವುದಿಲ್ಲ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಬ್ರಿಟನ್‌ನದು 1,435.

ಚಕ್ರದ ರಂಧ್ರಕ್ಕಿಂತ ಆಕ್ಸಲ್ ತುಸು ದಪ್ಪ ಇರುವಂತೆ ಕಡೆದಿರುತ್ತಾರೆ, ವ್ಯತ್ಯಾಸ ಮಿಲಿಮೀಟರ್‌ನ ಭಿನ್ನಾಂಶದಲ್ಲಿ. ಪ್ರೆಸ್‌ನಲ್ಲಿ ಒತ್ತುತ್ತಾ ಹೋದಂತೆ ಬಲ ಹೇಗೆ ಏರಿತು ಎಂಬುದನ್ನು ಗ್ರಾಫ್ ದಾಖಲಿಸುತ್ತದೆ. ಗೆರೆ ಏರುತ್ತಲೇ ಹೋಗಬೇಕು. ನಡುವೆ ಕುಸಿದರೆ ಚಕ್ರ ಸಡಿಲ ಎಂದರ್ಥ, ಕಳಚಿ ಮತ್ತೆ ಮಾಡಬೇಕು. ಎರಡು ಚಕ್ರಗಳ ಒಳಮುಖಗಳ ಅಂತರವೂ ಮಿಲಿಮೀಟರ್ ಲೆಕ್ಕದಲ್ಲಿ ಸರಿಯಿರಬೇಕು, ನಮ್ಮ ಬ್ರಾಡ್‌ಗೇಜ್‌ನಲ್ಲಿ ಅದು 1,600 ಮಿ.ಮೀ. ಚಕ್ರದ ವ್ಯಾಸ ಉಳಿದ ಜೋಡಿಗಳಿಗೆ ಹೊಂದದಿದ್ದರೆ ಮೋಟರ್‌ಗಳ ನಡುವೆ ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ.

ಮೂಲ ಭಾಗ ತೆಗೆದು ಹೊಸದು ಹಾಕಿದರೆ ಪರಂಪರೆ ಉಳಿಯಿತೇ ಎಂಬ ವಾದ ಈ ವಲಯದಲ್ಲಿ ಸದಾ ಇದೆ. ಚಾಲಕನ ಕ್ಯಾಬಿನ್, ಹಾರ್ನ್, ಎಂಜಿನ್‌ನ ಸದ್ದಿನ ವಿಷಯದಲ್ಲಿ ಆ ವಾದ ಒಪ್ಪಬಹುದು. ಆಕ್ಸಲ್ ವಿಷಯದಲ್ಲಿ ಒಪ್ಪಲು ಕಷ್ಟ. ಹಿಂದಿನ ಬೋಗಿಯಲ್ಲಿ ಮಕ್ಕಳು ಕೂತಿರುತ್ತಾರೆ. ಹಳೆಯದನ್ನು ಎಸೆಯಬೇಕಿಲ್ಲ, ತೊಳೆದು ಬಣ್ಣ ಬಳಿದು ಪ್ಲಾಟ್‌ಫಾರಂ ಮೇಲೆ ಪ್ರದರ್ಶನಕ್ಕಿಡಬಹುದು.

ಜೋಡಣೆ ಮುಗಿದ ಮೇಲೆ ಎಂಜಿನ್ ಮೊದಲು ಒಂಟಿಯಾಗಿ, ನಿಧಾನವಾಗಿ ಓಡುತ್ತದೆ. ಕೆಲವು ಕಿ.ಮೀ.ಗೊಮ್ಮೆ ನಿಲ್ಲಿಸಿ ಬೇರಿಂಗ್ ಪೆಟ್ಟಿಗೆಗಳ ಬಿಸಿ ನೋಡುತ್ತಾರೆ. ಅವುಗಳಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಂದಿನ ಓಟ ಅಲ್ಲಿಗೇ ಮುಗಿಯಿತು, ಎಂಜಿನ್ ವಾಪಸ್ ಶೆಡ್‌ಗೆ. ಎಲ್ಲ ಸರಿಯಿದ್ದರೆ ಹೊಸ ಆಕ್ಸಲ್‌ನ ಸಂಖ್ಯೆ, ಪ್ರೆಸ್ ಗ್ರಾಫ್, ಪರೀಕ್ಷೆಯ ವರದಿ, ಮುಂದಿನ ತಪಾಸಣೆಯ ದಿನಾಂಕ ಎಲ್ಲವೂ ಕಡತ ಸೇರುತ್ತವೆ. ಟಿಕೆಟ್ ಮಾರಾಟ ಶುರುವಾಗುವುದು ಅದಾದ ಮೇಲೆ.